ವಾರಕ್ಕೆ 20 ಗಂಟೆ ಕೆಲಸ ಮಾಡಿದರೆ ಇಂಗ್ಲೆಂಡಿನಲ್ಲಿ ಖರ್ಚೆಲ್ಲಾ ನಡೆಯುತ್ತಾ?

ಪ್ರಶ್ನೆ: "ಅಕ್ಕಾ, ಸೆಪ್ಟೆಂಬರಿಗೆ ಮಾಸ್ಟರ್ಸ್ ಮಾಡೋಕೆ ಲೆಸ್ಟರಿಗೆ ಬರ್ತಿದ್ದೀನಿ. ಫೀಸು ಲೋನಿನಲ್ಲಿ ಆಗುತ್ತೆ. ಪಾರ್ಟ್ ಟೈಮ್ ಕೆಲಸ ಮಾಡಿದ್ರೆ ಬಾಡಿಗೆ, ಊಟ, ಓಡಾಟ ಎಲ್ಲಾ ಹೊರಡುತ್ತೆ ಅಂತ ಏಜೆಂಟ್ ಹೇಳ್ತಿದ್ದಾರೆ. ನಿಜಾನಾ?"

ಪೂರ್ತಿ ಹೊರಡುವುದಿಲ್ಲ ತಮ್ಮಾ. ಊಟ, ಬಸ್ಸು, ಫೋನ್ ಬಿಲ್ ಇಷ್ಟು ನಡೆಯುತ್ತದೆ. ಬಾಡಿಗೆ ದುಡ್ಡನ್ನು ಊರಿನಿಂದಲೇ ಹೊಂದಿಸಿಕೊಂಡು ಬಾ.

ಏಜೆಂಟ್ ಸುಳ್ಳು ಹೇಳುತ್ತಿಲ್ಲ, ಅರ್ಧ ಲೆಕ್ಕ ಹೇಳುತ್ತಿದ್ದಾರೆ ಅಷ್ಟೆ. 2026ರ ಏಪ್ರಿಲ್‌ನಿಂದ 21 ತುಂಬಿದವರಿಗೆ ಇಲ್ಲಿ ಗಂಟೆಗೆ ಕನಿಷ್ಠ ಸಂಬಳ 12.71 ಪೌಂಡ್. ಡಿಗ್ರಿ, ಮಾಸ್ಟರ್ಸ್ ಓದುವ ಸ್ಟೂಡೆಂಟ್ ವೀಸಾದವರು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಗುಣಿಸಿದರೆ ವಾರಕ್ಕೆ 254 ಪೌಂಡ್, ನಾಲ್ಕು ವಾರಕ್ಕೆ ಸಾವಿರದ ಚಿಲ್ಲರೆ. ಅತ್ತ ವೀಸಾಕ್ಕೆ ಅರ್ಜಿ ಹಾಕುವಾಗ ತಿಂಗಳ ಖರ್ಚಿಗೆ ಅಂತ ಸರ್ಕಾರ ತೋರಿಸಲು ಹೇಳುವುದು ಲಂಡನ್ನಿನಲ್ಲಿ 1,529 ಪೌಂಡ್, ಬೇರೆ ಊರುಗಳಲ್ಲಿ 1,171. ಹೆಚ್ಚು ಕಡಿಮೆ ಸರಿಹೋಯ್ತಲ್ವಾ, ಇನ್ನೇನು ಚಿಂತೆ ಅನ್ನಿಸುತ್ತದೆ.

ಆದರೆ 20 ಗಂಟೆ ಅನ್ನುವುದು ಮೇಲಿನ ಮಿತಿ. ಅಷ್ಟು ಕೆಲಸ ಕೊಟ್ಟೇ ಕೊಡುತ್ತೇವೆ ಅಂತ ಯಾರೂ ಬರೆದುಕೊಟ್ಟಿಲ್ಲ. ವಿದ್ಯಾರ್ಥಿಗಳಿಗೆ ಜಾಸ್ತಿ ಸಿಗುವುದು ಝೀರೋ ಅವರ್ಸ್ ಕಾಂಟ್ರಾಕ್ಟ್, ಅಂದರೆ ಕೆಲಸ ಇದ್ದರೆ ಕರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಭಾನುವಾರ ರಾತ್ರಿ ಫೋನಿಗೆ ರೋಟಾ, ಅಂದರೆ ಯಾರಿಗೆ ಯಾವಾಗ ಕೆಲಸ ಅನ್ನುವ ಪಟ್ಟಿ ಬರುತ್ತದೆ. ಶುಕ್ರವಾರ ಸಂಜೆ ಐದರಿಂದ ಹತ್ತು, ಶನಿವಾರ ನಾಲ್ಕು ಗಂಟೆ, ಮುಗಿಯಿತು ಆ ವಾರ. ನವೆಂಬರ್, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ವ್ಯಾಪಾರಕ್ಕೆ ಅಂಗಡಿಗಳೂ ವೇರ್‌ಹೌಸ್‌ಗಳೂ ಬಾ ಬಾ ಅನ್ನುತ್ತವೆ, ಜನವರಿ ಬಂತು ಅಂದರೆ ಅದೇ ಮ್ಯಾನೇಜರ್ ಮೆಸೇಜಿಗೆ ಉತ್ತರ ಕೊಡುವುದಿಲ್ಲ. ಇನ್ನು ಮೊದಲ ಕೆಲಸ ಸಿಗುವುದಕ್ಕೇ ಟೈಮ್ ಹಿಡಿಯುತ್ತದೆ, ಏಕೆಂದರೆ ಸೆಪ್ಟೆಂಬರಿನಲ್ಲಿ ನಿನ್ನ ಜತೆ ವಿಮಾನ ಇಳಿದವರೆಲ್ಲಾ ಅದೇ ಕೌಂಟರ್ ಕೆಲಸಕ್ಕೆ ಅರ್ಜಿ ಹಾಕಿರುತ್ತಾರೆ.

ನಿಯಮದ ವಿಷಯದಲ್ಲಿ ತುಂಬಾ ಜನ ಎಡವುವುದು ಇಲ್ಲಿ. ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 12 ಗಂಟೆ ಮಾಡಿದೆ, ಉಳಿದ ಎಂಟನ್ನು ಮುಂದಿನ ವಾರಕ್ಕೆ ಸೇರಿಸಿಕೊಳ್ಳುತ್ತೇನೆ ಅಂದರೆ ನಡೆಯುವುದಿಲ್ಲ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 20 ದಾಟಬಾರದು, ಸಂಬಳವಿಲ್ಲದೆ ಮಾಡಿಕೊಟ್ಟ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ರಜೆಯಲ್ಲಿ ಫುಲ್ ಟೈಮ್ ಮಾಡಬಹುದು, ನಿಜ. ಆದರೆ ಮಾಸ್ಟರ್ಸ್‌ನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಾನ್ಯವಾಗಿ ಡಿಸರ್ಟೇಶನ್, ಅಂದರೆ ಕೊನೆಯ ದೊಡ್ಡ ಪ್ರಬಂಧದ ಕೆಲಸ ಇರುತ್ತದೆ. ಕ್ಲಾಸ್ ಇಲ್ಲದಿದ್ದರೂ ಅದು ಟರ್ಮ್ ಸಮಯವೇ. ಬಿಎ, ಬಿಎಸ್ಸಿ ಓದುವ ಗೆಳೆಯ ಬೇಸಿಗೆಯಲ್ಲಿ ವಾರಕ್ಕೆ 40 ಗಂಟೆ ದುಡಿಯುತ್ತಿದ್ದಾನೆ ಅಂತ ನೀನೂ ಹೊರಟರೆ ವೀಸಾಕ್ಕೆ ಕುತ್ತು.

ಸೈಕಲ್ಲಿನಲ್ಲಿ ಫುಡ್ ಡೆಲಿವರಿ ಮಾಡೋಣ ಅಂದುಕೊಂಡಿದ್ದರೆ ಅದನ್ನೂ ಬಿಡು. ಅದು ಸ್ವಂತ ವ್ಯವಹಾರದ ಲೆಕ್ಕ, ಸ್ಟೂಡೆಂಟ್ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ. ಡೆಲಿವರಿ ಆಪ್‌ನಲ್ಲಿರುವ ಬೇರೆಯವರ ಅಕೌಂಟನ್ನು ಬಾಡಿಗೆಗೆ ಕೊಡಿಸುತ್ತೇನೆ ಅನ್ನುವವರು ಸಿಗುತ್ತಾರೆ, ಆ ಕಡೆ ತಿರುಗಿಯೂ ನೋಡಬೇಡ. ನಮ್ಮ ದೇಶದವರದೇ ಅಂಗಡಿ ಅಂತ ನಂಬಿ, ಗಂಟೆಗೆ ಆರೇಳು ಪೌಂಡ್ ಕ್ಯಾಶ್ ಕೊಟ್ಟು ಪೇಸ್ಲಿಪ್ ಕೊಡದ ಕಡೆ ಸೇರುವುದೂ ಬೇಡ. ಇದು ನನಗೆ ತುಂಬಾ ಸಿಟ್ಟು ಬರಿಸುವ ವಿಷಯ. ಬಂದ ಹೊಸದರಲ್ಲಿ ಹೆದರಿಕೊಂಡಿರುವ ಹುಡುಗರನ್ನೇ ನೋಡಿ ಹಿಡಿಯುತ್ತಾರೆ.

ಪೇಸ್ಲಿಪ್ ಬಂದಾಗ ಅದರಲ್ಲಿ ಟ್ಯಾಕ್ಸ್ ಕೋಡ್ ಅಂತ ಇರುತ್ತದೆ, ನೋಡಿಕೋ. ವರ್ಷಕ್ಕೆ 12,570 ಪೌಂಡ್‌ವರೆಗಿನ ಸಂಪಾದನೆಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆ ಲೆಕ್ಕದ ಕೋಡ್ 1257ಎಲ್. ಅದರ ಬದಲು ಬಿಆರ್ ಅಂತ ಬಿದ್ದಿದ್ದರೆ ಮೊದಲ ಪೌಂಡಿನಿಂದಲೇ ನೂರಕ್ಕೆ 20 ಕತ್ತರಿಸಿರುತ್ತಾರೆ. ಇದೊಂದೇ ಕೆಲಸ ಅಂತಾದರೆ ತೆರಿಗೆ ಇಲಾಖೆಗೆ ಹೇಳಿ ಸರಿಮಾಡಿಸಬಹುದು, ಜಾಸ್ತಿ ಹೋದದ್ದು ವಾಪಸ್ ಬರುತ್ತದೆ.

ಖರ್ಚು ಹಿಡಿತಕ್ಕೆ ಬರುವುದು ಅಡುಗೆಮನೆಯಲ್ಲಿ. ಹೊರಗೆ ತಿನ್ನದೆ ಅನ್ನ, ಸಾರು, ಪಲ್ಯ ಅಂತ ಮಾಡಿಕೊಂಡರೆ ವಾರಕ್ಕೆ 30–40 ಪೌಂಡಿನಲ್ಲಿ ಹೊಟ್ಟೆ ತುಂಬಾ ಉಣ್ಣಬಹುದು. ಲೆಸ್ಟರ್ ಈ ವಿಷಯಕ್ಕೆ ಪುಣ್ಯದ ಊರು. ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳ ಕಡೆ ಹೋದರೆ ತೊಗರಿಬೇಳೆ, ಕರಿಬೇವು, ಮೆಂತ್ಯ ಸೊಪ್ಪು ಎಲ್ಲಾ ಇದೆ, ಅಕ್ಕಿಯನ್ನು 10 ಕಿಲೋ ಚೀಲ ತಂದು ಮನೆಯಲ್ಲಿ ಜತೆಗಿರುವವರೆಲ್ಲಾ ಹಂಚಿಕೊಳ್ಳಿ. ಸಂಜೆ ಹೊತ್ತು ಸೂಪರ್ ಮಾರ್ಕೆಟ್ಟಿನಲ್ಲಿ ಅವತ್ತೇ ಡೇಟ್ ಮುಗಿಯುವ ಬ್ರೆಡ್ಡು, ತರಕಾರಿಗೆ ಹಳದಿ ಚೀಟಿ ಅಂಟಿಸಿ ರೇಟು ಇಳಿಸುತ್ತಾರೆ. ಅಂಟಿಸುವವರ ಹಿಂದೆಯೇ ಒಂದು ಸಣ್ಣ ಗುಂಪು ಏನೂ ಗೊತ್ತಿಲ್ಲದವರ ಹಾಗೆ ನಿಂತಿರುತ್ತದೆ. ನಾಚಿಕೆ ಪಡಬೇಡ, ಇಲ್ಲಿನವರೂ ಅದರಲ್ಲಿರುತ್ತಾರೆ.

ರೈಲಿಗೆ 16–25 ರೈಲ್‌ಕಾರ್ಡ್ ಮಾಡಿಸಿದರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಫುಲ್ ಟೈಮ್ ವಿದ್ಯಾರ್ಥಿಗಳಷ್ಟೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ (ಊರಿನ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಇಲ್ಲ, ಆದರೆ ಜತೆಗೆ ಕೆಲಸಕ್ಕೆ ಹೋಗುವವರೊಬ್ಬರು ಇದ್ದರೂ ಮನೆಗೆ ಬಿಲ್ ಬರಬಹುದು, ರೂಮ್ ಹಿಡಿಯುವ ಮೊದಲೇ ಕೇಳಿಕೋ.

ಕೊನೆಗೆ ಏಜೆಂಟ್ ಹೇಳದ ಇನ್ನೊಂದು ಮಾತು. ವೀಸಾಕ್ಕೆ ತೋರಿಸುವ ಖರ್ಚಿನ ದುಡ್ಡು 28 ದಿನ ಅಕೌಂಟಿನಲ್ಲಿ ಇರಬೇಕು ಅಂತ ಮಾವನ ಹತ್ತಿರವೋ ಚಿಕ್ಕಪ್ಪನ ಹತ್ತಿರವೋ ಕೈಸಾಲ ತಂದು ಹಾಕಿ, ವೀಸಾ ಬಂದ ಮಾರನೇ ದಿನ ವಾಪಸ್ ಕೊಟ್ಟು ಖಾಲಿ ಕೈಯಲ್ಲಿ ವಿಮಾನ ಹತ್ತುವವರು ಎಷ್ಟೋ ಜನ ಇದ್ದಾರೆ. ಅಂಥವರೇ ಅಕ್ಟೋಬರಿನಲ್ಲಿ ಬಾಡಿಗೆಗೆ ಪರದಾಡುವುದು. ನಿನ್ನ ಲೋನ್ ಇನ್ನೂ ಸ್ಯಾಂಕ್ಷನ್ ಆಗಿಲ್ಲದಿದ್ದರೆ, ಫೀಸಿನ ಜತೆ ಬಾಡಿಗೆಯ ಖರ್ಚನ್ನೂ ಅದರಲ್ಲೇ ಸೇರಿಸಲು ಆಗುತ್ತದಾ ಅಂತ ಈ ವಾರವೇ ಬ್ಯಾಂಕಿಗೆ ಹೋಗಿ ಕೇಳು.