ಎಂ22 ಗೇರ್‌ಬಾಕ್ಸ್‌ನ ಹಲ್ಲು ನೇರವೇ?

ಪ್ರಶ್ನೆ: ಹಳೆಯ ಶೆವರ್ಲೆ ಮಸಲ್ ಕಾರುಗಳ ಎಂ22 ‘ರಾಕ್ ಕ್ರಷರ್’ ಗೇರ್‌ಬಾಕ್ಸ್ ಅಷ್ಟು ಸದ್ದು ಮಾಡುವುದು ಹಲ್ಲು ನೇರ ಇರುವುದಕ್ಕೆ ತಾನೇ? ಎಂ21ಗಿಂತ ಅದರಲ್ಲಿ ಸ್ಪೀಡ್ ಜಾಸ್ತಿ ಅಲ್ವಾ?

ಎರಡೂ ಅಲ್ಲ. ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ತಿರುಗಿ ಬರುತ್ತಲೇ ಇದೆ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಎಂ22ರ ಹಲ್ಲುಗಳು ಓರೆಯೇ. ಇದೇ ಕುಟುಂಬದ ಗೇರ್‌ಬಾಕ್ಸ್‌ಗಳಾದ ಎಂ20, ಎಂ21ರಲ್ಲಿ ಓರೆ ಜಾಸ್ತಿ, ಇದರಲ್ಲಿ ಕಡಿಮೆ, ಅಷ್ಟೇ. ನೇರ ಹಲ್ಲಿನ ಸದ್ದು ನಿಮಗೆ ಹೊಸದೇನಲ್ಲ. ರಿವರ್ಸ್ ತೆಗೆಯುವಾಗ ಕಾರು ಕುಂಯ್ ಅನ್ನುತ್ತದಲ್ಲ, ಎಷ್ಟೋ ಕಾರುಗಳಲ್ಲಿ ಅದು ನೇರ ಹಲ್ಲಿನ ಗೇರು.

ಓರೆ ಹಲ್ಲಿನಲ್ಲಿ ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಕಚ್ಚಿಕೊಂಡಿರುತ್ತದೆ. ಅದಕ್ಕೇ ಸದ್ದು ಕಡಿಮೆ. ಆದರೆ ಜೋರು ಬಿದ್ದಾಗ ಈ ಗೇರುಗಳು ಶಾಫ್ಟಿನ ಉದ್ದಕ್ಕೆ ಜರುಗಲು ನೋಡುತ್ತವೆ. ಆ ಒತ್ತಡವನ್ನು ಬೇರಿಂಗು, ಅಲ್ಯೂಮಿನಿಯಂ ಕೇಸು ತಡೆದುಕೊಳ್ಳಬೇಕು. 1970ರ ಶೆವೆಲ್ ಎಸ್‌ಎಸ್‌ನ 454 ಎಲ್‌ಎಸ್6 ಎಂಜಿನ್‌ಗೆ 450 ಅಶ್ವಶಕ್ತಿ. ಅಂಥದ್ದರ ಹಿಂದೆ ಕೂತ ಗೇರ್‌ಬಾಕ್ಸ್‌ಗೆ ಇದು ಸಣ್ಣ ತೊಂದರೆಯಲ್ಲ. ಓರೆ ತಗ್ಗಿಸಿದರೆ ಒತ್ತಡವೂ ಬಿಸಿಯೂ ತಗ್ಗುತ್ತವೆ, ಸದ್ದು ಏರುತ್ತದೆ. ಗೊತ್ತಿದ್ದೇ ಮಾಡಿದ ಕೆಲಸ ಅದು, ಒಳ್ಳೆಯ ಎಂಜಿನಿಯರಿಂಗ್.

ಗಮನವಿಟ್ಟು ಕೇಳಿ: ಮೊದಲ ಮೂರು ಗೇರಿನಲ್ಲಿ ಜೋರಾಗಿರುವ ಗುರುಗುಟ್ಟುವಿಕೆ ನಾಲ್ಕನೆಯದಕ್ಕೆ ಬಂದಾಗ ಇಳಿಯುತ್ತದೆ. ನಾಲ್ಕರಲ್ಲಿ ಶಕ್ತಿ ಇನ್‌ಪುಟ್ ಶಾಫ್ಟಿನಿಂದ ನೇರವಾಗಿ ಮೇನ್ ಶಾಫ್ಟಿಗೆ ಹೋಗುತ್ತದೆ. ಕೆಳಗಿನ ಗೇರುಗಳು ಸುಮ್ನೆ ತಿರುಗುತ್ತಿರುತ್ತವೆ, ಭಾರ ಇರುವುದಿಲ್ಲ.

ಇನ್ನು ಸ್ಪೀಡು. ಎಂ21, ಎಂ22 ಎರಡರ ಗೇರ್ ಅನುಪಾತವೂ (ಮೇನ್ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) ಒಂದೇ, ಒಂದರಿಂದ ನಾಲ್ಕನೇ ಗೇರಿನವರೆಗೆ: 2.20, 1.64, 1.28, 1.00. ಅಲ್ಲಿಗೆ ಆ ಮಾತು ಮುಗಿಯಿತು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ಹಿಂದಿನ ಆಕ್ಸಲ್‌ನ ಅನುಪಾತ ಎಷ್ಟು? 3.31 ಇದ್ದರೆ ಎಂ22ರ ಮೊದಲ ಗೇರಿನ ಒಟ್ಟು ಅನುಪಾತ (ಎರಡನ್ನೂ ಗುಣಿಸಿದರೆ) 7.28. ಈ ಅಂಕಿ ಕಡಿಮೆಯಾದಷ್ಟೂ ಹೊರಡುವಾಗ ಎಳೆತ ಕಡಿಮೆ, ಸಿಗ್ನಲ್ ಬಿಟ್ಟಾಗಲೆಲ್ಲ ಕ್ಲಚ್ ಸವೆಸುತ್ತೀರಿ. ಎಂ20ರ ಮೊದಲ ಗೇರು 2.52, ಅದೇ ಆಕ್ಸಲ್‌ಗೆ 8.34 ಸಿಗುತ್ತದೆ. ಊರೊಳಗೆ ಓಡಿಸುವವರಿಗೆ ನಾನು ಹೇಳುವುದು ಎಂ20 ಅಂತಲೇ. ಆಕ್ಸಲ್ 4.10 ಇದ್ದರೆ ಲೆಕ್ಕ 9.02ಕ್ಕೆ ಏರುತ್ತದೆ. ಆಗ ಎಂ22 ಧಾರಾಳವಾಗಿ ಹಾಕಿಸಿ.