ಕೈ ಚಾಚಿತು, ಕಾಲು ಕದಲಲಿಲ್ಲ

ಸೋಣ ತಿಂಗಳ ಮಳೆ. ಪಡುಬಿದ್ರಿಯಲ್ಲಿ ಮಂಗಳೂರು ಬಸ್ಸಿಗೆ ಕಾಯುತ್ತಾ ಹತ್ತು ಹನ್ನೆರಡು ಜನ ನಿಂತಿದ್ದೆವು. ಕಣ್ಣೆದುರೇ ಒಂದು ಸ್ಕೂಟರ್ ಜಾರಿತು. ಓಡಿಸುತ್ತಿದ್ದ ಹುಡುಗ ರಸ್ತೆಯಂಚಿಗೆ ಬಿದ್ದ. ಎಲ್ಲರ ಬಾಯಿಂದ ಒಟ್ಟಿಗೇ "ಅಯ್ಯೋ" ಬಂತು. ನನ್ನ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದ್ದವು. ಕಾಲು ಮಾತ್ರ ಕದಲಲಿಲ್ಲ.

ಆ ಒಂದೆರಡು ಸೆಕೆಂಡಿನ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೇನೆ.

ಕೈ ಚಾಚಿದ್ದು ಹುಟ್ಟುಗುಣ. ಅದು ನಮ್ಮ ಅನುಮತಿ ಕೇಳುವುದಿಲ್ಲ. ಚಾರ್ಲ್ಸ್ ಡಾರ್ವಿನ್ ಒಮ್ಮೆ ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವಿನ ಗಾಜಿನ ತೀರಾ ಹತ್ತಿರಕ್ಕೆ ಮುಖ ತಂದು ನಿಂತಿದ್ದರು. ಹಾವು ಎರಗಿದರೂ ಹಿಂದೆ ಸರಿಯಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದರು. ಹಾವು ಎರಗಿದ ಕೂಡಲೇ ಹಿಂದಕ್ಕೆ ಹಾರಿದ್ದರು! 1872ರ ಪುಸ್ತಕದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಮೆದುಳಿನ ಆಳದಲ್ಲಿ ಬಾದಾಮಿಯಷ್ಟು ದೊಡ್ಡ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕಿದ್ದೇ ಅದು ಮೈಯನ್ನು ಎಚ್ಚರಿಸುತ್ತದೆ. ಹಣೆಯ ಹಿಂದಿರುವ ಭಾಗ ಲೆಕ್ಕಾಚಾರ ಶುರು ಮಾಡುವುದು ಆಮೇಲೆ.

ಹುಟ್ಟುಗುಣ ಎಂದರೆ ಪ್ರಾಣಿಯದ್ದು, ಯೋಚನೆ ಎಂದರೆ ಮನುಷ್ಯನದ್ದು, ಮೊದಲನೆಯದನ್ನು ಎರಡನೆಯದು ಹಿಡಿತದಲ್ಲಿ ಇಡಬೇಕು ಅಂತ ಹೇಳುವುದುಂಟು. ಸಿಟ್ಟು, ದುರಾಸೆಯ ಮಟ್ಟಿಗೆ ಇದು ಸರಿ. ಆದರೆ ನೆರವಾಗುವ ಆಸೆಯೂ ಅಷ್ಟೇ ಹಳೆಯದು. ಮನಃಶಾಸ್ತ್ರಜ್ಞರಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೇಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಬಟ್ಟೆ ಒಣಗಿಸುತ್ತಿರುವ ಅಪರಿಚಿತನ ಕೈಯಿಂದ ಕ್ಲಿಪ್ ಜಾರಿ ಬೀಳುತ್ತದೆ. ಅವನಿಗೆ ಅದು ಎಟಕುವುದಿಲ್ಲ. ಹದಿನೆಂಟು ತಿಂಗಳ ಮಗು ತಟಪಟ ಹೆಜ್ಜೆ ಹಾಕುತ್ತಾ ಹೋಗಿ ಎತ್ತಿ ಕೊಡುತ್ತದೆ. ಚಾಕಲೇಟ್ ಇಲ್ಲ, ಶಹಬ್ಬಾಸ್ ಇಲ್ಲ. ಇಂಥ ಬೇರೆ ಬೇರೆ ಸಂದರ್ಭಗಳಲ್ಲಿ 24 ಮಕ್ಕಳ ಪೈಕಿ 22 ಮಕ್ಕಳು ಒಮ್ಮೆಯಾದರೂ ಸಹಾಯ ಮಾಡಿದವು. ಮಾತೇ ಸರಿಯಾಗಿ ಬಾರದ ಮಕ್ಕಳು!

ಹಾಗಾದರೆ ನನ್ನ ಕಾಲನ್ನು ಹಿಡಿದದ್ದು ಯೋಚನೆಯೇ. ಪೊಲೀಸ್ ಕೇಸ್ ಆದರೆ? ಆಫೀಸಿಗೆ ತಡವಾದರೆ? ಇಷ್ಟು ಜನ ಇದ್ದಾರಲ್ಲ, ಯಾರಾದರೂ ಹೋಗುತ್ತಾರೆ, ಅಲ್ವಾ? ಈ ಕೊನೆಯದೇ ಎಲ್ಲಕ್ಕಿಂತ ಬಲವಾದದ್ದು. 1968ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನಃಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಇದನ್ನು ಪರೀಕ್ಷಿಸಿದರು. ಬೇರೆ ಕೋಣೆಯಲ್ಲಿದ್ದವನಿಗೆ ಫಿಟ್ಸ್ ಬಂದಂತೆ ಹೆಡ್‌ಫೋನಿನಲ್ಲಿ ಕೇಳಿಸಿದರು. ಇದು ತನಗೊಬ್ಬನಿಗೇ ಕೇಳುತ್ತಿದೆ ಎಂದುಕೊಂಡವರಲ್ಲಿ 85% ಜನ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರಿಗೆ ಕೇಳುತ್ತಿದೆ ಎಂದುಕೊಂಡವರಲ್ಲಿ 31% ಮಾತ್ರ. ಉಳಿದವರು ಕಲ್ಲು ಮನಸ್ಸಿನವರೇನಲ್ಲ. ಕೆಲವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಒಳಗಿನ ತುಡಿತ ಸತ್ತಿರಲಿಲ್ಲ, ದಾರಿ ಸಿಗದೆ ನಿಂತಿತ್ತು.

ಪಡುಬಿದ್ರಿಯಲ್ಲಿ ದಾರಿ ಮಾಡಿಕೊಟ್ಟವರು ಮೀನು ಮಾರುವ ಒಬ್ಬ ಅಕ್ಕ. ಬಂಗುಡೆಯ ಬುಟ್ಟಿಯನ್ನು ದಡಕ್ಕನೆ ಕೆಳಗಿಟ್ಟು ಓಡಿದರು. ಹುಡುಗನ ತಲೆಯನ್ನು ಅಲುಗದಂತೆ ಹಿಡಿದು, ನಮ್ಮ ಕಡೆ ತಿರುಗಿದರು. "ಎಂತ ಮಾರಾಯ್ರೆ ನೋಡ್ತಾ ನಿಂತದ್ದು? ಅಣ್ಣ, ನೀವು ಕೊಡೆ ಹಿಡೀರಿ ಇಲ್ಲಿ. ನೀಲಿ ಅಂಗಿಯವ್ರೇ, ನೀವು 108ಕ್ಕೆ ಫೋನ್ ಮಾಡಿ."

ಒಬ್ಬೊಬ್ಬರನ್ನೇ ಕರೆದು ಒಂದೊಂದು ಕೆಲಸ ಹೇಳಿದರು, ಅಷ್ಟೇ. "ಯಾರಾದರೂ" ಎಂಬವನು ಆ ಕ್ಷಣಕ್ಕೆ ಇಲ್ಲವಾದ. ನಾನು ಕೊಡೆ ಹಿಡಿದೆ. ಇದನ್ನು ಅವರಿಗೆ ಯಾವ ಪ್ರಯೋಗಾಲಯವೂ ಕಲಿಸಿರಲಿಲ್ಲ. ಆದರೆ ಅದು ಬರೀ ಹುಟ್ಟುಗುಣವೂ ಅಲ್ಲ. ಓಡಿದ್ದು ಹುಟ್ಟುಗುಣ. ಯಾರಿಗೆ ಏನು ಹೇಳಬೇಕು ಎಂದು ಆರಿಸಿದ್ದು ಯೋಚನೆ. ಎರಡೂ ಸೇರಿ ಅರ್ಧ ನಿಮಿಷವೂ ಆಗಿರಲಿಲ್ಲ.

ಯೋಚನೆ ಹಾಕಿದ ಬೇಲಿಯನ್ನು ಯೋಚನೆಯೇ ತೆಗೆಯಬಹುದು. ಪೊಲೀಸರ ಭಯವನ್ನೇ ತೆಗೆದುಕೊಳ್ಳಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಅದಕ್ಕಾಗಿ ಕೇಸ್ ಹಾಕುವಂತಿಲ್ಲ. ಅದರಡಿ ಬಂದ 2020ರ ನಿಯಮಗಳ ಪ್ರಕಾರ ಹೆಸರು, ವಿಳಾಸ ಕೊಡಲೇಬೇಕು ಎಂದು ಒತ್ತಾಯಿಸುವಂತೆಯೂ ಇಲ್ಲ. ಇದು ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಿದ್ದರೆ ಕಾಲು ಇನ್ನಷ್ಟು ಬೇಗ ಕದಲುತ್ತಿತ್ತು ಎಂದು ನಿಜವಾಗಿ ನಂಬುತ್ತೇನೆ.

ಆಂಬ್ಯುಲೆನ್ಸ್ ಹೊರಟಿತು. ಮಂಗಳೂರು ಬಸ್ಸೂ ಬಂತು. ಅಕ್ಕ ಬುಟ್ಟಿಯ ಹತ್ತಿರ ಬಂದು ಸೆರಗು ಹಿಂಡಿಕೊಂಡರು. ಬುಟ್ಟಿಯನ್ನು ಅವರ ತಲೆಗೇರಿಸಲು ಈ ಸಲ ಯಾರನ್ನೂ ಕರೆಯಬೇಕಾಗಲಿಲ್ಲ.