ಹೊರದೇಶದ ಲ್ಯಾಬಿಗೆ ಎರಡು ಮೂರು ತಿಂಗಳು: ಮೊದಲು ದುಡ್ಡೋ, ಮೊದಲು ಲ್ಯಾಬೋ?

ಪ್ರಶ್ನೆ: ಮೇಡಂ, ನಾನು ರಾಯಚೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಮೆಣಸಿನಕಾಯಿಗೆ ಬೀಳುವ ಕಪ್ಪು ಥ್ರಿಪ್ಸ್ ಅನ್ನುವ ಸಣ್ಣ ಕೀಟದ ಮೇಲೆ ಕೆಲಸ. ಹೊರದೇಶದ ಲ್ಯಾಬಿಗೆ ಹೋಗಿ ಹೊಸ ಟೆಕ್ನಿಕ್ ಕಲಿಯಬೇಕು ಅಂತ ಆಸೆ. ಮೊದಲು ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಲಿ? ದುಡ್ಡು ಮಂಜೂರಾದ ಮೇಲೆ ಲ್ಯಾಬ್ ಹುಡುಕಿಕೊಂಡರೆ ಆಯ್ತಲ್ವಾ?

ಉತ್ತರ: ಇಲ್ಲ, ಆಗಲ್ಲ. ಬಳ್ಳಾರಿಯಲ್ಲಿ ಕೇಳುತ್ತಾರೆ, ಕೊಪ್ಪಳದಲ್ಲಿ ಕೇಳುತ್ತಾರೆ, ಈಗ ರಾಯಚೂರಿನಿಂದ ನೀವು. ಎಲ್ಲರ ಪ್ರಶ್ನೆಯ ಕೊನೆಗೂ ಇದೇ ಬಾಲ: ದುಡ್ಡು ಮೊದಲು, ಲ್ಯಾಬ್ ಆಮೇಲೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೆ ಈ ತಪ್ಪು ತಿಳಿವಳಿಕೆಯಿಂದ ಒಳ್ಳೊಳ್ಳೆ ಹುಡುಗರು ಸುಮ್ನೆ ವರ್ಷ ಕಳೆದುಕೊಳ್ಳುತ್ತಾರೆ. ಅದಕ್ಕೆ ಈ ಸಲ ಬಿಡಿಸಿ ಬರೆಯುತ್ತೇನೆ.

ನಮಗೆ ಈ ಅಭ್ಯಾಸ ಎಲ್ಲಿಂದ ಬಂತು ನೋಡಿ. ಹೈಸ್ಕೂಲಿನಿಂದ ನಾವು ಕಂಡ ಸ್ಕಾಲರ್‌ಶಿಪ್ ಅಂದರೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಬೇಕು, ಆಧಾರ್ ಜೋಡಿಸಬೇಕು, ಖಾತೆಗೆ ದುಡ್ಡು ಬರುವುದನ್ನು ಕಾಯಬೇಕು. ಅಲ್ಲಿ ಅರ್ಹತೆ ಇದ್ದರೆ ಹಕ್ಕು. ಅದು ಸರಿಯೇ, ಹಾಗೇ ಇರಬೇಕು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಹೆಸರು ಕೇಳಿ ಇದೂ ಅದೇ ಅಂದುಕೊಳ್ಳುತ್ತಾರೆ. ಅವು ಹೊರದೇಶದಲ್ಲಿ ಪೂರ್ತಿ ಡಿಗ್ರಿ ಓದುವವರಿಗೆ. ಇಲ್ಲೇ ಪಿಎಚ್‌ಡಿ ಮಾಡುತ್ತಾ ಎರಡು ಮೂರು ತಿಂಗಳು ಹೋಗಿ ಬರುವುದಕ್ಕಲ್ಲ.

ಸಣ್ಣ ಅವಧಿಯ ಭೇಟಿಗೆ ಹಣ ಕೊಡುವವರು ನಿಮ್ಮೊಬ್ಬರನ್ನೇ ನೋಡುವುದಿಲ್ಲ. ಈ ವಿದ್ಯಾರ್ಥಿ, ಈ ಲ್ಯಾಬ್, ಈ ಕೆಲಸ, ಇಷ್ಟು ವಾರ. ನಾಲ್ಕನ್ನೂ ಒಟ್ಟಿಗೆ ತೂಗುತ್ತಾರೆ. ಲ್ಯಾಬಿನ ಜಾಗ ಖಾಲಿ ಇದ್ದರೆ ತೂಗಲು ಏನಿದೆ? ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದರೆ, ಅಲ್ಲಿನ ಪ್ರೊಫೆಸರ್ 'ಇವರಿಗೆ ನಾನು ಮಾರ್ಗದರ್ಶನ ಮಾಡುತ್ತೇನೆ' ಅಂತ ಬರೆದ ಪತ್ರ ಕೇಳುತ್ತಾರೆ. ಯುರೋಪಿನ ಜೀವವಿಜ್ಞಾನ ಸಂಸ್ಥೆ ಎಂಬೋ (EMBO) ಅರ್ಜಿಯಲ್ಲಿ ಹೋಗುವ ಲ್ಯಾಬ್ ಯಾವುದು ಅಂತ ಮೊದಲೇ ಗೊತ್ತಾಗಿರಬೇಕು. ಅಮೆರಿಕಕ್ಕೆ ಕಳಿಸುವ ಫುಲ್‌ಬ್ರೈಟ್‌ನವರೂ ಅಲ್ಲಿನ ಸಂಸ್ಥೆಯ ಜೊತೆ ಮುಂಚೆಯೇ ಮಾತಾಡಿಕೊಂಡು ಬನ್ನಿ ಅನ್ನುತ್ತಾರೆ. ಮೊದಲು ಲ್ಯಾಬ್, ಆಮೇಲೆ ಅರ್ಜಿ, ಕೊನೆಗೆ ದುಡ್ಡು.

'ನಮ್ಮಂಥವರಿಗೆ ಯಾರು ಉತ್ತರ ಬರೀತಾರೆ ಮೇಡಂ? ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್‌ನಂಥ ದೊಡ್ಡ ಸಂಶೋಧನಾ ಸಂಸ್ಥೆಯವರಿಗಾದರೆ ಬರೀತಾರೆ' ಅನ್ನುತ್ತೀರಿ. ಎಲ್ಲರೂ ಬರೆಯುವುದಿಲ್ಲ, ಖರೆ. ಆದರೆ ನೀವು ಕಳಿಸುವ ಮೇಲ್ ಎಂಥದ್ದು? 'ಗೌರವಾನ್ವಿತ ಸರ್, ನಿಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ತುಂಬಾ ಆಸಕ್ತಿ ಇದೆ, ದಯವಿಟ್ಟು ಅವಕಾಶ ಕೊಡಿ.' ಇದನ್ನೇ ಐವತ್ತು ಜನರಿಗೆ ಕಳಿಸಿರುತ್ತೀರಿ. ಓದಿದವರಿಗೆ ನೀವು ಯಾರು, ಏನು ಮಾಡುತ್ತೀರಿ ಅಂತ ಒಂದಕ್ಷರ ತಿಳಿಯುವುದಿಲ್ಲ.

ನಿಮ್ಮ ಕೈಯಲ್ಲಿ ಏನಿದೆ ನೋಡಿಕೊಳ್ಳಿ. ಕಪ್ಪು ಥ್ರಿಪ್ಸ್ ಭಾರತದಲ್ಲಿ ಮೊದಲು ಕಂಡದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿಯಲ್ಲಿ. 2021ರಲ್ಲಿ ತೆಲಂಗಾಣ, ಆಂಧ್ರ, ನಮ್ಮ ಕಡೆಯ ಮೆಣಸಿನಕಾಯಿ ಹೊಲಗಳಿಗೆ ಹಬ್ಬಿ ಹೂವೇ ನಿಲ್ಲದಂತೆ ಮಾಡಿತು. ಹೂವನ್ನು ಬಿಳಿ ಹಾಳೆ ಮೇಲೆ ತಟ್ಟಿದರೆ ಒಂದು ಮಿಲಿಮೀಟರ್ ಆಸುಪಾಸಿನ ಕಪ್ಪು ಚುಕ್ಕೆಗಳು ಉದುರಿ ಓಡಾಡುತ್ತವೆ, ನೀವು ದಿನಾ ನೋಡುತ್ತೀರಿ. ಗಾಜಿನ ಮನೆಯಲ್ಲಿ ಥ್ರಿಪ್ಸ್ ಸಾಕಿ ಅಭ್ಯಾಸ ಮಾಡುವ ಎಷ್ಟೋ ಲ್ಯಾಬ್‌ಗಳಿಗೆ ಇಂಥ ಹೊಲ ಇಲ್ಲ. ಹಾಗಾಗಿ ಹೀಗೆ ಬರೆಯಿರಿ: 'ನಮ್ಮ ಹೊಲಗಳಲ್ಲಿ ಈ ಕೀಟಕ್ಕೆ ಔಷಧಿ ಸರಿಯಾಗಿ ಹತ್ತುತ್ತಿಲ್ಲ. ಇದಕ್ಕೆ ಕಾರಣ ಇರಬಹುದಾದ ಒಂದು ಜೀನ್ ಗುರುತಿಸಿದ್ದೇನೆ. ಇಷ್ಟು ಚಿಕ್ಕ ಕೀಟಕ್ಕೆ ಗಾಜಿನ ಸೂಜಿ ಚುಚ್ಚಿ ಒಂದು ಜೀನ್‌ನ ಕೆಲಸ ನಿಲ್ಲಿಸುವ ವಿಧಾನ ನಿಮ್ಮ ಪೇಪರಿನಲ್ಲಿದೆ. ಸತ್ತ ಕೀಟಗಳ ಪ್ರಮಾಣ ಹೇಗೆ ಕಡಿಮೆ ಮಾಡಿದಿರಿ ಅಂತ ಅದರಲ್ಲಿ ನನಗೆ ತಿಳಿಯಲಿಲ್ಲ. ಎಂಟು ವಾರ ಬಂದು ಕಲಿಯಬಹುದೇ? ಖರ್ಚಿಗೆ ನಾನೇ ಅರ್ಜಿ ಹಾಕುತ್ತೇನೆ.' ಜೊತೆಗೆ ಒಂದು ಪುಟದ ಸಿವಿ. ಗೈಡ್‌ಗೆ ಹೇಳಿಯೇ ಕಳಿಸಿ, ಅವರಿಗೂ ಒಂದು ಪ್ರತಿ ಹೋಗಲಿ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಬಳ್ಳಾರಿ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಇಂಥದೇ ಮೇಲ್ ಬರೆದು ಹೋಗಿ ಬಂದಳು. ಅವಳ ಹಿಂದೆ ಯಾವ ವಶೀಲಿಯೂ ಇರಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ.

ಇನ್ನು ದುಡ್ಡಿನ ದಾರಿ. ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಎಂಬೋದ ಸೈಂಟಿಫಿಕ್ ಎಕ್ಸ್‌ಚೇಂಜ್ ಗ್ರಾಂಟ್. ಹೈಡೆಲ್‌ಬರ್ಗ್‌ನಲ್ಲಿರುವ ಸಂಸ್ಥೆ. 2016ರಿಂದ ಭಾರತ ಅದರ ಒಕ್ಕೂಟದ ಸಹ ಸದಸ್ಯ, ಹಾಗಾಗಿ ಇಲ್ಲಿಂದಲೂ ಅರ್ಜಿ ಹಾಕಬಹುದು. ಮೂರು ತಿಂಗಳವರೆಗೆ ಪ್ರಯಾಣ ಮತ್ತು ವಾಸದ ಖರ್ಚು ಕೊಡುತ್ತಾರೆ. ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತಾರೆ. ಬ್ರಿಟನ್ನಿನ ಕಂಪನಿ ಆಫ್ ಬಯಾಲಜಿಸ್ಟ್ಸ್ ಹೆಸರು ನಮ್ಮ ಕಡೆ ಕೇಳಿದವರೇ ಕಡಿಮೆ. ಅವರು ತಮ್ಮ ಜರ್ನಲ್‌ಗಳ ಹೆಸರಲ್ಲಿ ಟ್ರಾವೆಲಿಂಗ್ ಫೆಲೋಶಿಪ್ ಕೊಡುತ್ತಾರೆ. ಕೀಟದ ದೇಹಕ್ರಿಯೆ ನಿಮ್ಮ ವಿಷಯವಾದರೆ ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಬಯಾಲಜಿಯದ್ದು ನೋಡಿ. ಅಮೆರಿಕಕ್ಕಾದರೆ ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್. ಅದು ಆರರಿಂದ ಒಂಬತ್ತು ತಿಂಗಳದ್ದು, ನಿಮ್ಮ ಲೆಕ್ಕಕ್ಕೆ ಜಾಸ್ತಿಯಾಯಿತು.

ಎರಡು ಮಾತು ಮರೆಯಬೇಡಿ. ಕೆಲವು ಲ್ಯಾಬ್‌ಗಳು ಬೆಂಚ್ ಫೀ, ಅಂದರೆ ಲ್ಯಾಬ್ ಬಳಸುವುದಕ್ಕೆ ಶುಲ್ಕ, ಕೇಳುತ್ತವೆ, ಪತ್ರ ಪಡೆಯುವಾಗಲೇ ವಿಚಾರಿಸಿ. ಇಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬರುತ್ತಿದ್ದರೆ, ಹೋಗುವ ಮುಂಚೆ ವಿಶ್ವವಿದ್ಯಾಲಯದ ಮತ್ತು ಫೆಲೋಶಿಪ್ ಕೊಡುವವರ ಅನುಮತಿ ಲಿಖಿತವಾಗಿ ಇಟ್ಟುಕೊಳ್ಳಿ.

ನೀವು ಕೇಳದ, ಆದರೆ ಕೇಳಲೇಬೇಕಿದ್ದ ಪ್ರಶ್ನೆ ಒಂದಿದೆ. ಥ್ರಿಪ್ಸ್ ಅನ್ನು ಹೇಗೆ ಒಯ್ಯುತ್ತೀರಿ? ಆಲ್ಕೊಹಾಲಿನ ಟ್ಯೂಬಿನಲ್ಲಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡರೆ ಆಯ್ತು ಅನ್ನುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆ ಇದೆ. ಸಸ್ಯ, ಪ್ರಾಣಿ, ಸೂಕ್ಷ್ಮಜೀವಿ ಮಾತ್ರವಲ್ಲ, ಅವುಗಳ ಭಾಗ ಮತ್ತು ಆನುವಂಶಿಕ ವಸ್ತು ಕೂಡ ಅದರೊಳಗೆ ಬರುತ್ತವೆ. ಕೀಟ ಬಿಟ್ಟು ಬರೀ ಡಿಎನ್‌ಎ ಒಯ್ದರೂ ಕಾನೂನು ಅದೇ. ಸಂಶೋಧನೆಗೆ ಹೊರದೇಶಕ್ಕೆ ಒಯ್ಯುವ ಮುಂಚೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿ, ಬೇಕಾದ ಅನುಮತಿ ಪಡೆಯಿರಿ. ಅದು ಸಿಕ್ಕರೂ ಕೆಲಸ ಮುಗಿಯಲಿಲ್ಲ. ಬೆಳೆಗೆ ಬೀಳುವ ಕೀಟವನ್ನು ಜೀವಂತವಾಗಿ ಒಳಗೆ ಬಿಡಲು ಆ ದೇಶದವರ ಪರವಾನಗಿ ಬೇರೆ ಬೇಕು, ಅದನ್ನು ಅಲ್ಲಿನ ಲ್ಯಾಬ್ ಮಾಡಿಸಬೇಕು. ಮೂರು ತಿಂಗಳ ಭೇಟಿ ಇದರಲ್ಲೇ ಮುಳುಗಿಹೋಗಬಹುದು.

ಅದಕ್ಕೆ ನನ್ನ ಸಲಹೆ: ಏನೂ ಒಯ್ಯಬೇಡಿ. ಅವರು ಸಾಕಿರುವ ಥ್ರಿಪ್ಸ್ ಮೇಲೆಯೇ ವಿಧಾನ ಕಲಿಯಿರಿ. ಬೇರೆ ಜಾತಿಯದ್ದಾದರೂ ಗಾಜಿನ ಸೂಜಿ ಹಿಡಿಯುವ ಕೈ ಪಳಗುತ್ತದೆ. ಬಂದ ಮೇಲೆ ರಾಯಚೂರಿನ ಕೀಟದ ಮೇಲೆ ಪ್ರಯೋಗ ಮಾಡಿ. ಈ ಯೋಜನೆಯನ್ನು ಮೇಲ್‌ನಲ್ಲೂ ಅರ್ಜಿಯಲ್ಲೂ ಒಂದೊಂದು ಸಾಲು ಬರೆದುಬಿಡಿ. ಕರೆಸಿಕೊಳ್ಳುವ ಪ್ರೊಫೆಸರ್‌ಗೆ ಪರವಾನಗಿಯ ತಲೆನೋವು ಇಲ್ಲ ಅಂತ ಗೊತ್ತಾದರೆ, ಒಪ್ಪಿಗೆ ಪತ್ರ ಬೇಗ ಬರುತ್ತದೆ.